ತೊಟ್ಟಿಕ್ಕುವ ಬೆವರು ದಂಡ

ರಾಯಚೂರಿನ ಕ್ರೀಡಾಂಗಣಕ್ಕೆ ಬೆಳಗಿನ ಐದೂವರೆಗೆ ಹೋಗಿ ನೋಡಿ. ನಲವತ್ತು ದಾಟಿದ ಮೇಲೆ ಓಟದ ಹುಚ್ಚು ಹತ್ತಿಸಿಕೊಂಡವರಲ್ಲಿ ಒಬ್ಬರಾದರೂ ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಸುತ್ತು ಹಾಕುತ್ತಿರುತ್ತಾರೆ. ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಾಗಿದೆ. ಬೆವರು ಹರಿದಷ್ಟೂ ಹೊಟ್ಟೆ ಕರಗುತ್ತದೆ ಎಂಬ ನಂಬಿಕೆ. ಓಟ ಮುಗಿದು ಜಾಕೆಟ್ ಬಿಚ್ಚಿದರೆ ತೋಳಿನಿಂದ ನೀರು ಸುರಿಯುತ್ತದೆ. ತಕ್ಕಡಿ ಒಂದು ಕೆ.ಜಿ. ಕಡಿಮೆ ತೋರಿಸುತ್ತದೆ. ಆ ಖುಷಿಯ ಆಯುಷ್ಯ ಮನೆಗೆ ಹೋಗಿ ಎರಡು ಚೊಂಬು ನೀರು ಕುಡಿಯುವವರೆಗೆ ಮಾತ್ರ.

70 ಕೆ.ಜಿ. ತೂಕದವರು 10 ಕಿ.ಮೀ. ಓಡಿದರೆ ಸುಮಾರು 700 ಕಿಲೋಕ್ಯಾಲೊರಿ ಖರ್ಚಾಗುತ್ತದೆ. ಅಷ್ಟೂ ಕೊಬ್ಬಿನಿಂದಲೇ ಬಂದಿತೆಂದು ಹಿಡಿದರೂ ಕರಗುವುದು 100 ಗ್ರಾಂ ಒಳಗೆ. ಮಿಕ್ಕದ್ದೆಲ್ಲ ನೀರು, ಚೂರು ಉಪ್ಪು. ಬೆವರಿನಲ್ಲಿ ದೇಹದ ‘ವಿಷ’ ಹೋಗುತ್ತದೆ ಎನ್ನುವವರಿಗೆ ಮೂತ್ರಪಿಂಡ ಮತ್ತು ಯಕೃತ್ತು ಏಕಿವೆ ಎಂದು ಕೇಳಬೇಕೆನಿಸುತ್ತದೆ.

ಬೆವರು ಇರುವುದು ಆರುವುದಕ್ಕೆ. ಓಡುವಾಗ ಖರ್ಚಾಗುವ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಶಾಖವಾಗುತ್ತದೆ. ಆ 10 ಕಿ.ಮೀ. ಓಟದ ಶಾಖ ಒಳಗೇ ಉಳಿದರೆ ಮೈ 9 ಡಿಗ್ರಿಯಷ್ಟು ಹೆಚ್ಚು ಕಾಯುತ್ತದೆ. ಬದುಕುವ ಮಾತೇ ಇಲ್ಲ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಹೊತ್ತೊಯ್ಯುತ್ತದೆ. ಅಲ್ಲಿಗೆ ಜಮಾ-ಖರ್ಚು ಸರಿಹೋಯಿತು. ಆದರೆ ಹನಿಯಾಗಿ ನೆಲಕ್ಕೆ ಬಿದ್ದ ಬೆವರು ಮೈಯನ್ನು ತಂಪು ಮಾಡದೆಯೇ ಹೋಯಿತು. ಏಪ್ರಿಲ್ ಬಂದರೆ ನಮ್ಮ ಕಿಟಕಿಗಳಲ್ಲಿ ಗುಡುಗುಡು ಎನ್ನುವ ಕೂಲರ್‌ನದೂ ಇದೇ ವಿದ್ಯೆ: ಒದ್ದೆ ಹುಲ್ಲಿನ ಪ್ಯಾಡ್, ಹಿಂದಿನಿಂದ ಒಣಗಾಳಿ. ಅದೇ ಕೂಲರ್ ಮಂಗಳೂರಿಗೆ ಒಯ್ದರೆ ಕೋಣೆ ಇನ್ನಷ್ಟು ಜಿಗುಟಾಗುತ್ತದೆ, ಏಕೆಂದರೆ ಅಲ್ಲಿನ ಗಾಳಿಯಲ್ಲಿ ತೇವ ಆಗಲೇ ತುಂಬಿದೆ. ಕೂಲರ್‌ಗೆ ತಾಡಪಾಲು ಹೊದಿಸಿ ಸ್ವಿಚ್ ಹಾಕುವವರು ಯಾರೂ ಇಲ್ಲ. ಮೈಗೆ ಮಾತ್ರ ಹೊದಿಸುತ್ತಾರೆ.

ನಮ್ಮ ಒಣಗಾಳಿಯಲ್ಲೂ ಒಂದು ಮೋಸವಿದೆ. ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿಬಿಡುತ್ತದೆ. ‘ನನಗೆ ಬೆವರೇ ಬರಲಿಲ್ಲ’ ಎನ್ನುವವರ ಅಂಗಿಯ ಬೆನ್ನಿನ ಮೇಲೆ ಬಿಳಿ ಉಪ್ಪಿನ ಗೆರೆಗಳು ಮೂಡಿರುತ್ತವೆ. ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟಿದಾಗಲಂತೂ ಗಾಳಿಯೇ ಚರ್ಮಕ್ಕಿಂತ ಬಿಸಿ; ಬೆವರನ್ನು ಬಿಟ್ಟು ಶಾಖಕ್ಕೆ ಬೇರೆ ದಾರಿಯಿಲ್ಲ.

ಇದನ್ನು ತಿಳಿಯದೆ 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ ಸಂಘಟಕರು ಮಧ್ಯಾಹ್ನದ ಬಿಸಿಲಿನಲ್ಲಿ, ಧೂಳು ರಸ್ತೆಯಲ್ಲಿ, ಹೆಸರಿಗಷ್ಟೇ ನೀರಿಟ್ಟು ಮ್ಯಾರಥಾನ್ ಓಡಿಸಿದರು. ಹೊರಟವರು 32, ಗುರಿ ಮುಟ್ಟಿದವರು 14. ಗೆದ್ದ ಥಾಮಸ್ ಹಿಕ್ಸ್‌ಗೆ ದಾರಿಯಲ್ಲಿ ಕುಡಿಸಿದ್ದು ಬ್ರಾಂಡಿ ಮತ್ತು ಸ್ಟ್ರಿಕ್ನೈನ್, ಅಂದರೆ ನಮ್ಮ ಕಾಸರಕದ ಬೀಜದಲ್ಲಿರುವ ವಿಷ!

ಬಿಸಿಲಿಗೆ ಮೈ ಒಗ್ಗುತ್ತದೆ, ನಿಜ. ಹತ್ತು ಹದಿನಾಲ್ಕು ದಿನ ನಿಧಾನವಾಗಿ ಓಡಿದರೆ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ. ಹಾಗೆಂದು ಬಾಯಾರದಿದ್ದರೂ ಬಾಟಲಿಗಟ್ಟಲೆ ನೀರು ಸುರಿದುಕೊಳ್ಳುವುದು ಇನ್ನೊಂದು ಅತಿ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಅಂಶ ಇರಬೇಕಾದುದಕ್ಕಿಂತ ಕೆಳಗಿಳಿದಿತ್ತು. ಬೆವರಿದ್ದಕ್ಕಿಂತ ಹೆಚ್ಚು ನೀರು ಕುಡಿದು ಓಡುವಾಗಲೇ ತೂಕ ಏರಿಸಿಕೊಂಡವರಿಗೇ ಈ ಅಪಾಯ ಹೆಚ್ಚು; ರಕ್ತದಲ್ಲಿನ ಉಪ್ಪು ನೀರಿನಲ್ಲಿ ತೆಳುವಾಗುತ್ತದೆ. ಹಾಗಾಗಿ ಓಟಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತಕ್ಕಡಿ ಹತ್ತುವುದು ಒಳ್ಳೆಯದೇ. ಆದರೆ ಅದರಲ್ಲಿ ಓದಬೇಕಾದದ್ದು ನೀರಿನ ಲೆಕ್ಕ.