ಅನ್ನ ಬಿಟ್ಟು ಜೋಳದ ರೊಟ್ಟಿ ತಿಂದರೂ ಶುಗರ್ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ನನಗೆ 52 ವರ್ಷ, ಊರು ಕಾರಟಗಿ ಹತ್ತಿರ. ಶುಗರ್ ಬಂದು ಮೂರು ವರ್ಷವಾಯ್ತು, ದಿನಾ ಮಾತ್ರೆ ತಗೋತೀನಿ. ಎಲ್ಲರೂ ಹೇಳಿದರು ಅಂತ ಅನ್ನ ಬಿಟ್ಟು ಎರಡು ಹೊತ್ತೂ ಜೋಳದ ರೊಟ್ಟಿಗೆ ಬಂದಿದ್ದೇನೆ. ಎರಡು ತಿಂಗಳಾದರೂ ಊಟವಾದ ಮೇಲಿನ ಶುಗರ್ 230ರ ಕೆಳಗೆ ಬಂದಿಲ್ಲ. ರೊಟ್ಟಿ ಒಳ್ಳೆಯದು ಅನ್ನೋದು ಸುಳ್ಳಾ?

ಸುಳ್ಳಲ್ಲ. ಆದರೆ ನಾನು ಮೊದಲು ಕೇಳೋದು ಒಂದೇ: ಒಂದು ಹೊತ್ತಿಗೆ ಎಷ್ಟು ರೊಟ್ಟಿ?

ಸಿಂಧನೂರಿನಲ್ಲಿ ಬೆಳಿಗ್ಗೆ ವಾಕಿಂಗಿಗೆ ಹೋದರೂ ಇದೇ ಮಾತು, ಮದುವೆ ಊಟದ ಪಂಕ್ತಿಯಲ್ಲಿ ಕೂತರೂ ಇದೇ ಮಾತು. "ಅನ್ನ ಮುಟ್ಟೋದೇ ಇಲ್ರೀ, ಬರೇ ರೊಟ್ಟಿ" ಅಂತಾರೆ. ಎಷ್ಟು ಅಂದರೆ, "ಮೂರು, ಒಮ್ಮೊಮ್ಮೆ ನಾಲ್ಕು." ಸ್ವಲ್ಪ ತಡೆದು, "ಕೊನೆಗೆ ಮಜ್ಜಿಗೆಗೆ ಅಂತ ಒಂದೀಟು ಅನ್ನ." ಆ ಒಂದೀಟು ಅನ್ನೋದು ನಮ್ಮ ಕಡೆ ಎಷ್ಟಿರುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನಮ್ಮವ್ವನಿಗೂ ಶುಗರ್ ಇದೆ. ಅವಳ ಜೊತೆ ಇದೇ ವಾದ ಬಂದಾಗ ಅಡುಗೆಮನೆಯ ಸಣ್ಣ ತಕ್ಕಡಿ ತಂದು ಒಂದು ರೊಟ್ಟಿಗೆ ಅವಳು ತಗೊಳ್ಳೋ ಹಿಟ್ಟು ತೂಗಿ ನೋಡಿದೆ. 55 ಗ್ರಾಂ ಬಂತು. 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಪಿಷ್ಟ ಇರುತ್ತೆ, ಅಂದರೆ ಕರಗಿ ರಕ್ತದಲ್ಲಿ ಸಕ್ಕರೆಯಾಗೋ ಭಾಗ. ಹಾಗಾಗಿ ಒಂದು ರೊಟ್ಟಿಗೆ 37 ಗ್ರಾಂ, ಮೂರಕ್ಕೆ 110 ದಾಟಿತು. ಇನ್ನು ಬೆಂದ ಅನ್ನ 100 ಗ್ರಾಂ ತಗೊಂಡರೆ ಅದರಲ್ಲಿ 28 ಗ್ರಾಂ ಪಿಷ್ಟ, ಯಾಕಂದರೆ ಅನ್ನದ ತೂಕದಲ್ಲಿ ನೀರೇ ಜಾಸ್ತಿ. ಲೆಕ್ಕ ಹಾಕಿದರೆ ಮೂರು ರೊಟ್ಟಿಯೂ 400 ಗ್ರಾಂ ಅನ್ನವೂ ಪಿಷ್ಟದಲ್ಲಿ ಸಮ ಸಮ. 400 ಗ್ರಾಂ ಅನ್ನ ಅಂದರೆ ತಾಟಿನಲ್ಲಿ ಸಣ್ಣ ಗುಡ್ಡ. ಅವ್ವ ತಕ್ಕಡಿಯನ್ನೇ ಅನುಮಾನದಿಂದ ನೋಡಿದಳು.

ಹಾಗಾದರೆ ರೊಟ್ಟಿಯಿಂದ ಏನೂ ಲಾಭ ಇಲ್ಲವಾ? ಇದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಪ್ರೋಟೀನೂ ಸ್ವಲ್ಪ ಜಾಸ್ತಿ. ನಾರು ಇದ್ದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತೆ. ಆಹಾರ ಎಷ್ಟು ಬೇಗ ಸಕ್ಕರೆಯಾಗುತ್ತೆ ಅಂತ ಅಳೆಯೋ ಗ್ಲೈಸೆಮಿಕ್ ಇಂಡೆಕ್ಸ್‌ನಲ್ಲಿ 70 ಮತ್ತು ಅದಕ್ಕಿಂತ ಮೇಲಿನದು ಜಾಸ್ತಿ ಅಂತ ಲೆಕ್ಕ, ನಮ್ಮ ಸೋನಾ ಮಸೂರಿ ಸುಮಾರು 72ಕ್ಕೆ ನಿಲ್ಲುತ್ತೆ. ರೊಟ್ಟಿ ಸಾಮಾನ್ಯವಾಗಿ ಇದಕ್ಕಿಂತ ಕೆಳಗಿರುತ್ತೆ, ಆದರೆ ಅದು ಹಿಟ್ಟಿನ ಮೇಲೆ ನಿಂತಿದೆ. ಗಿರಣಿಯವನಿಗೆ "ನುಣ್ಣಗೆ ಬೀಸಪ್ಪಾ" ಅಂತ ಹೇಳಿ, ಮನೆಗೆ ತಂದು ಸಣ್ಣ ಜರಡಿ ಹಿಡಿದು ತೌಡು ಚೆಲ್ಲಿದರೆ ನಾರನ್ನು ನಾವೇ ಕೈಯಾರೆ ತೆಗೆದ ಹಾಗೆ. ರೊಟ್ಟಿ ಬಡಿಯೋಕೆ ಬಿರಿಯದೆ ಬರಲಿ ಅಂತ ಹೆಣ್ಣುಮಕ್ಕಳು ನುಣ್ಣಗೆ ಕೇಳ್ತಾರೆ, ಅದು ತಪ್ಪಲ್ಲ, ಸ್ವಲ್ಪ ತರಿ ಇರಲಿ ಅನ್ನೋದಷ್ಟೇ ನನ್ನ ಮಾತು. ಎಸರಿಟ್ಟು ಹಿಟ್ಟು ಕಲಸೋದು ಹೇಗಿದ್ದರೂ ಹಾಗೇ ಇರಲಿ, ಅದಿಲ್ಲದೆ ಜೋಳದ ಹಿಟ್ಟಿಗೆ ಅಂಟು ಎಲ್ಲಿಂದ ಬರಬೇಕು.

"ನಮ್ಮಜ್ಜ ದಿನಕ್ಕೆ ಎಂಟು ರೊಟ್ಟಿ ತಿಂದು ತೊಂಬತ್ತು ವರ್ಷ ಬದುಕಿದ" ಅಂತ ಯಾರಾದರೂ ಹೇಳಿಯೇ ಹೇಳ್ತಾರೆ. ನಿಜ. ಆದರೆ ಅಜ್ಜ ಯರೆ ಹೊಲದಲ್ಲಿ ಎತ್ತಿನ ಹಿಂದೆ ದಿನವಿಡೀ ನಡೆದ. 1953ರಲ್ಲಿ ತುಂಗಭದ್ರಾ ಡ್ಯಾಮ್ ಮುಗಿದು, ಎಡದಂಡೆ ಕಾಲುವೆ ನೀರು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆ ಹರಿಯೋಕೆ ಮುಂಚೆ ಇಲ್ಲೆಲ್ಲ ಜೋಳ, ಸಜ್ಜೆ, ನವಣೆಯ ಸೀಮೆ, ಅನ್ನ ಹಬ್ಬಕ್ಕೆ. ನೀರು ಬಂತು, ಆಂಧ್ರದಿಂದ ಬಂದವರು ಕ್ಯಾಂಪ್ ಕಟ್ಟಿ ಭತ್ತ ಬೆಳೆದರು, ನಾವೂ ಬೆಳೆದೆವು, ತಾಟಿನ ತುಂಬ ಅನ್ನ ಬಂತು. ಈಗ ರೊಟ್ಟಿಗೆ ವಾಪಸ್ ಬಂದಿದ್ದೇವೆ, ಸರಿ, ಆದರೆ ಅಜ್ಜನ ಹೊಟ್ಟೆ ಮಾತ್ರ ವಾಪಸ್ ತಂದಿದ್ದೇವೆ, ಅಜ್ಜನ ಕಾಲು ತಂದಿಲ್ಲ. ಅಂಗಡಿ ಗಲ್ಲೆಯ ಮೇಲೆ ಕೂತು ಮೂರು ರೊಟ್ಟಿ ಅರಗಿಸೋದು ಬೇರೆ ಕಥೆ.

ರೊಟ್ಟಿಯ ಜೊತೆ ಏನಿದೆ ಅನ್ನೋದು ರೊಟ್ಟಿಯಷ್ಟೇ ಮುಖ್ಯ. ಬರೀ ಜೋಳ ನಂಬಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ದಖನ್ ಸೀಮೆಯದೇ ಒಂದು ಹಳೆಯ ಉದಾಹರಣೆ ಇದೆ. ಬೇಳೆಕಾಳು, ಹಾಲು, ಸೊಪ್ಪು ಸಿಗದೆ ಹೆಚ್ಚುಕಡಿಮೆ ಜೋಳದ ಮೇಲೇ ಬದುಕುತ್ತಿದ್ದ ಬಡವರಲ್ಲಿ ಪೆಲ್ಲಾಗ್ರ ಅನ್ನೋ ಕಾಯಿಲೆ ಕಾಣುತ್ತಿತ್ತು. ಬಿಸಿಲು ತಾಗೋ ಕುತ್ತಿಗೆ, ಕೈಕಾಲಿನ ಚರ್ಮ ಕಪ್ಪಾಗಿ ಒರಟಾಗುತ್ತಿತ್ತು. ಹೈದರಾಬಾದಿನ ಪೌಷ್ಟಿಕಾಂಶ ವಿಜ್ಞಾನಿ ಸಿ. ಗೋಪಾಲನ್ 1960ರ ಹೊತ್ತಿಗೆ ಇದನ್ನು ಅಭ್ಯಾಸ ಮಾಡಿ, ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಅನ್ನೋ ಅಂಶ ಜಾಸ್ತಿ ಇರೋದೂ ಒಂದು ಕಾರಣ ಅಂತ ವಾದಿಸಿದ್ದರು. ಅದೇ ಪ್ರೋಟೀನಿನಲ್ಲಿ ಲೈಸಿನ್ ಅನ್ನೋ ಇನ್ನೊಂದು ಅಂಶ ಕಡಿಮೆ, ಅದು ಬೇಳೆಕಾಳಿನಲ್ಲಿ ಧಾರಾಳ. ಹೆಸರುಕಾಳು, ಮಡಕಿಕಾಳು, ಅಲಸಂದಿ, ಪುಂಡಿಪಲ್ಯೆ, ಮೆಂತ್ಯೆ, ಮೊಸರು, ನಂಚಿಕೊಳ್ಳೋಕೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ ಇದ್ದರೆ ಊಟ ಪೂರ್ತಿ ಆಯ್ತು. ಬರೀ ಕೆಂಪು ಚಟ್ನಿ, ಎಣ್ಣೆ ಹಚ್ಚಿಕೊಂಡು ನಾಲ್ಕು ರೊಟ್ಟಿ ತಿಂದರೆ ಬಾಯಿಗೆ ರುಚಿ, ಶುಗರಿಗೆ ಹಬ್ಬ. ಶೇಂಗಾ ಹಿಂಡಿ, ಅಗಸಿ ಹಿಂಡಿ ಒಂದೆರಡು ಚಮಚ ಇರಲಿ, ಬಟ್ಟಲುಗಟ್ಟಲೆ ಬೇಡ.

ಇನ್ನೊಂದು ಸುಲಭದ ಉಪಾಯ: ಮೊದಲು ಒಂದು ಬಟ್ಟಲು ಕಾಳುಪಲ್ಯ, ಸೌತೆಕಾಯಿ ತಿಂದುಬಿಡಿ, ಆಮೇಲೆ ರೊಟ್ಟಿ ಮುರಿಯಿರಿ. ಅದೇ ಊಟ, ಬರೀ ಕ್ರಮ ಬದಲು, ಆದರೂ ಊಟದ ನಂತರದ ಏರಿಕೆ ಕಡಿಮೆಯಾಗುತ್ತೆ. ಎರಡು ರೊಟ್ಟಿಗೆ ಹೊಟ್ಟೆಯೂ ತುಂಬುತ್ತೆ.

ಖಡಕ್ ರೊಟ್ಟಿ ನಡೆಯುತ್ತಾ ಅಂತ ಮುಂದಿನ ಪ್ರಶ್ನೆ ಬರುತ್ತೆ. ನಡೆಯುತ್ತೆ, ಆದರೆ ತೆಳ್ಳಗಿರೋದರಿಂದ ಕಟುಂ ಕುಟುಂ ಅನ್ನುತ್ತಾ ಲೆಕ್ಕ ತಪ್ಪುತ್ತೆ. ತೂಗಿಯೇ ತಿನ್ನಿ.

ಬೆಳಗಿನ ತಿಂಡಿ ಬಗ್ಗೆ ನೀವು ಏನೂ ಬರೆದಿಲ್ಲ, ನನಗೆ ಅನುಮಾನ ಇರೋದೇ ಅಲ್ಲಿ. ಮಂಡಾಳು ವಗ್ಗರಣಿ, ಜೊತೆಗೆ ಎರಡು ಮಿರ್ಚಿ, ಮೇಲೊಂದು ಚಹಾ, ಅಲ್ವಾ? ಮಂಡಾಳು ಅಕ್ಕಿಯದೇ, ಉಬ್ಬಿಸಿದ ಮೇಲೆ ಇನ್ನೂ ಬೇಗ ಸಕ್ಕರೆಯಾಗುತ್ತೆ. ಹಗುರ ಇದೆ ಅಂತ ತಾಟು ತುಂಬ ಹಾಕ್ಕೋತೀವಿ, ಹತ್ತು ಗಂಟೆಗೆ ಮತ್ತೆ ಹಸಿವು. ವಗ್ಗರಣಿ ಬಿಡಿ ಅಂತ ರಾಯಚೂರು, ಕೊಪ್ಪಳದವರಿಗೆ ಹೇಳೋ ಧೈರ್ಯ ನನಗಿಲ್ಲ. ವಾರಕ್ಕೊಂದು ದಿನ ಇರಲಿ. ಉಳಿದ ದಿನ ಒಂದು ರೊಟ್ಟಿ ಮತ್ತು ಕಾಳುಪಲ್ಯ, ಇಲ್ಲವೇ ಮೊಳಕೆ ಹೆಸರು ಹಾಕಿದ ಉಪ್ಪಿಟ್ಟು ಸ್ವಲ್ಪ.

ಈಗ ಕಾಲಿನ ವಿಷಯ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ನಡೆಯುವಾಗ ಕಾಲಿನ ಸ್ನಾಯುಗಳು ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತವೆ, ಅದೂ ಇನ್ಸುಲಿನ್‌ಗೆ ಅಷ್ಟಾಗಿ ಕಾಯದೆ. ಮೇ ತಿಂಗಳ ಮಧ್ಯಾಹ್ನ ಹೊರಗೆ ಹೋಗಿ ಅಂತ ಹೇಳ್ತಿಲ್ಲ, 42 ಡಿಗ್ರಿಯಲ್ಲಿ ಅದು ಹುಚ್ಚುತನ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ಓಡಾಡಿ. ರಾತ್ರಿ ಊಟ ಮಾಡಿ ಹೊರಸಿನ ಮೇಲೆ ಬೀಳೋ ಬದಲು ಓಣಿಯಲ್ಲಿ ಎರಡು ಸುತ್ತು.

ವಜ್ರಾಸನ ಹಾಕಿದರೆ ಸಾಕಲ್ವಾ ಅಂತ ಕೆಲವರು ಕೇಳ್ತಾರೆ. ಊಟದ ಮೇಲೆ ಹಾಕಬಹುದಾದ ಆಸನ ಅದೊಂದೇ ಅಂತ ಕಲಿಸ್ತಾರೆ, ಹೊಟ್ಟೆಗೆ ಹಿತವಾಗಿರಬಹುದು, ಮೊಣಕಾಲು ನೋವಿದ್ದರೆ ಅದೂ ಬೇಡ. ಆದರೆ ಕೂತಲ್ಲೇ ಕೂತರೆ ಸಕ್ಕರೆ ಖರ್ಚಾಗೋದು ಕಡಿಮೆ, ನಾನು ನಡೆಯೋದನ್ನೇ ಆರಿಸ್ತೀನಿ. ಉಳಿದ ಯೋಗವನ್ನು ಬೆಳಿಗ್ಗೆ ಏಳರೊಳಗೆ ಖಾಲಿ ಹೊಟ್ಟೆಯಲ್ಲಿ ಮುಗಿಸಿ. ನಿಧಾನವಾಗಿ ಆರು ಸೂರ್ಯ ನಮಸ್ಕಾರ, ಒಂದೆರಡು ತಿರುಚುವ ಆಸನ, ಕೊನೆಗೆ ಶವಾಸನ, ಶುರುವಿಗೆ ಇಷ್ಟು ಸಾಕು. ಮಾತ್ರೆಯ ಜೊತೆ ನಿಯಮಿತವಾಗಿ ಯೋಗ ಮಾಡಿದವರಲ್ಲಿ ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ ಸ್ವಲ್ಪ ಇಳಿದಿರೋದು ಅಧ್ಯಯನಗಳಲ್ಲಿ ಕಂಡಿದೆ. ಸ್ವಲ್ಪ ಅಂದರೆ ಸ್ವಲ್ಪವೇ. ಮಾತ್ರೆ ಬಿಡಿಸೋ ಯೋಗ ಅಂತ ಯಾರಾದರೂ ಹೇಳಿದರೆ ಕೈ ಮುಗಿದು ಬನ್ನಿ. ಶುಗರಿನಿಂದ ಕಣ್ಣಿನ ರೆಟಿನಾಗೆ ತೊಂದರೆ ಆಗಿದ್ದರೆ ಶೀರ್ಷಾಸನ, ಸರ್ವಾಂಗಾಸನದಂಥ ತಲೆ ಕೆಳಗಾಗುವ ಆಸನ ಪೂರ್ತಿ ಬೇಡ, ಒತ್ತಡಕ್ಕೆ ಅಲ್ಲಿ ರಕ್ತ ಸೋರಬಹುದು.

ಒಂದು ಎಚ್ಚರಿಕೆ. ನಿಮ್ಮ ಮಾತ್ರೆಯಲ್ಲಿ ಗ್ಲಿಮಿಪಿರೈಡ್ ಇದ್ದರೆ, ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ, ನಾಲ್ಕು ರೊಟ್ಟಿಯಿಂದ ಒಮ್ಮೆಲೇ ಒಂದಕ್ಕೆ ಇಳಿಯಬೇಡಿ. ಶುಗರ್ 70ರ ಕೆಳಗೆ ಬಿದ್ದು ಬೆವರು, ಕೈ ನಡುಕ, ತಲೆಸುತ್ತು ಬರಬಹುದು. ಬಂದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿಕೊಳ್ಳಿ. ಊಟ ಕಡಿಮೆ ಮಾಡೋ ಮುಂಚೆ ಡಾಕ್ಟರ್‌ಗೆ ಹೇಳಿ, ಡೋಸ್ ಬದಲಿಸಬೇಕಾಗಬಹುದು.

ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ನನ್ನ ಮಾತನ್ನೂ ನಂಬಬೇಕಾಗಿಲ್ಲ. ಒಂದು ದಿನ ಮೂರು ರೊಟ್ಟಿ, ಇನ್ನೊಂದು ದಿನ ಎರಡು ರೊಟ್ಟಿ ಮತ್ತು ಮೊದಲು ಕಾಳುಪಲ್ಯ, ಮತ್ತೊಂದು ದಿನ ಅದೇ ಊಟ ಮತ್ತು ನಡಿಗೆ. ಮೊದಲ ತುತ್ತಿನಿಂದ ಎರಡು ಗಂಟೆ ಲೆಕ್ಕ ಹಾಕಿ ಚುಚ್ಚಿ ನೋಡಿ, ಚೀಟಿಯಲ್ಲಿ ಬರೆದಿಡಿ. 180ರ ಒಳಗೆ ಬಂತಾ ಅನ್ನೋದೇ ಗುರಿ. ಆ ಚೀಟಿಯನ್ನು ಮುಂದಿನ ಸಲ ಡಾಕ್ಟರ್ ಮುಂದಿಡಿ. ಇಷ್ಟೆಲ್ಲ ಮಾಡಿಯೂ 230ರಲ್ಲೇ ನಿಂತಿದ್ದರೆ ಮಾತ್ರೆ ಸಾಲುತ್ತಿಲ್ಲ ಅಂತ ಅರ್ಥ, ಅದಕ್ಕೆ ರೊಟ್ಟಿಯನ್ನು ಬೈಯಬೇಡಿ.

ಮತ್ತೆ ಆ ಕೊನೆಯ ಮಜ್ಜಿಗೆ ಅನ್ನ ಇದೆಯಲ್ಲ, ಅದರಲ್ಲಿ ಮಜ್ಜಿಗೆ ಮಾತ್ರ ಇಟ್ಟುಕೊಳ್ಳಿ. ಶುಂಠಿ, ಕರಿಬೇವು ಹಾಕಿ ಒಂದು ದೊಡ್ಡ ಲೋಟ.