ನೋಡಿದರೆ ಸಾಲದೆ, ಇಟ್ಟುಕೊಳ್ಳಲೇಬೇಕೆ?

ಅರ್ಜಿ ನಮೂನೆಯ ಮಾತು ಬಂದಾಗಲೆಲ್ಲ ನನ್ನ ಗ್ರಾಹಕರ ಬಾಯಿಂದ ಬರುವುದು ಒಂದೇ ವಾಕ್ಯ: "ಇರಲಿ ಬಿಡಿ, ಮುಂದೆ ಯಾವತ್ತಾದರೂ ಬೇಕಾಗಬಹುದು." ಕ್ಲಿನಿಕ್ ನಡೆಸುವ ವೈದ್ಯರಿರಲಿ, ಅಪಾರ್ಟ್‌ಮೆಂಟ್ ಸಂಘದ ಪದಾಧಿಕಾರಿಗಳಿರಲಿ, ತಮ್ಮ ತಮ್ಮ ವ್ಯವಹಾರದಲ್ಲಿ ಒಂದು ರೂಪಾಯಿ ದಂಡ ಮಾಡದವರು. ಜನರ ಮಾಹಿತಿಯ ವಿಷಯ ಬಂದರೆ ಮಾತ್ರ ಅವರ ಕೈಗೆ ಹಿಡಿತವೇ ಇರುವುದಿಲ್ಲ. ತಂತ್ರಾಂಶ ಬರೆದುಕೊಡುವವನಾಗಿ ನಾನು ಅತಿ ಹೆಚ್ಚು ಜಗಳವಾಡಿರುವುದು ಬೆಲೆಗಾಗಿಯೂ ಅಲ್ಲ, ಗಡುವಿಗಾಗಿಯೂ ಅಲ್ಲ, ಈ ಒಂದು ವಾಕ್ಯಕ್ಕಾಗಿ.

ಟ್ಯೂಷನ್ ಕೇಂದ್ರ ನಡೆಸುವ ಒಬ್ಬ ಮೇಡಂ ಪ್ರವೇಶ ಅರ್ಜಿಯ ಹಾಳೆ ತಂದಿದ್ದರು. ಮಗುವಿನ ಹೆಸರು, ತರಗತಿ, ಪೋಷಕರ ಫೋನ್ ನಂಬರ್ ಇದ್ದರೆ ಅವರ ಕೆಲಸ ನಡೆಯುತ್ತದೆ. ಹಾಳೆಯಲ್ಲಿ ಜಾತಿ ಇತ್ತು, ತಂದೆಯ ವಾರ್ಷಿಕ ವರಮಾನ ಇತ್ತು, ತಂದೆ, ತಾಯಿ, ಮಗು ಮೂವರ ಆಧಾರ್ ಸಂಖ್ಯೆ ಇತ್ತು, ಕೊನೆಗೆ ರಕ್ತದ ಗುಂಪೂ ಇತ್ತು.

"ರಕ್ತದ ಗುಂಪು ಯಾಕೆ ಮೇಡಂ?"

"ಮಗು ಬಿದ್ದು ಪೆಟ್ಟು ಮಾಡಿಕೊಂಡರೆ?"

ಟ್ಯೂಷನ್ ಕೇಂದ್ರದ ಕಾಗದ ನಂಬಿ ಯಾವ ಆಸ್ಪತ್ರೆಯೂ ರಕ್ತ ಏರಿಸುವುದಿಲ್ಲ, ತಾವೇ ಪರೀಕ್ಷಿಸಿ ಹೊಂದಾಣಿಕೆ ನೋಡಿಕೊಳ್ಳುತ್ತಾರೆ ಎಂದೆ. "ಆದರೂ ಇರಲಿ" ಎಂದರು. ವರಮಾನ ಯಾಕೆಂದರೆ ಶುಲ್ಕ ರಿಯಾಯಿತಿಗಂತೆ. ಆದರೆ ಆಕೆ ರಿಯಾಯಿತಿ ಕೊಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ: ತಾಯಿ ಎದುರಿಗೆ ನಿಂತು ಸೆರಗಿನ ತುದಿ ಹಿಡಿದರೆ ಸಾಕು, ಅರ್ಧ ಶುಲ್ಕ ಮನ್ನಾ. ಯಾವ ಅರ್ಜಿಯನ್ನೂ ತೆಗೆದು ನೋಡುವುದಿಲ್ಲ. ಇಂಥವರ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ?

ನಾನು ಹೇಳಿ ಹೇಳಿ ಸೋತಿರುವುದು ಇಷ್ಟೇ: ಒಂದು ದಾಖಲೆಯನ್ನು ನೋಡುವುದು ಒಂದು ಕೆಲಸ, ಅದನ್ನು ಇಟ್ಟುಕೊಳ್ಳುವುದು ಇನ್ನೊಂದು ಕೆಲಸ. ಮೊದಲನೆಯದು ಮುಗಿದರೆ ಎರಡನೆಯದು ತಾನಾಗಿಯೇ ಆಗಬೇಕಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಸರ್ಕಾರಿ ಬಸ್ಸುಗಳಲ್ಲಿ ಏನು ನಡೆಯುತ್ತಿದೆ ಎಂದು ನೆನಪಿಸಿಕೊಳ್ಳಿ. ಮಹಿಳೆ ಗುರುತಿನ ಚೀಟಿ ತೋರಿಸುತ್ತಾರೆ, ಕಂಡಕ್ಟರ್ ಕಣ್ಣು ಹಾಯಿಸುತ್ತಾರೆ, ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾರೆ, ಚೀಟಿ ಮತ್ತೆ ಪರ್ಸಿಗೆ ಹೋಗುತ್ತದೆ. ಈಕೆ ರಾಜ್ಯದವರು ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು, ಬಸ್ಸು ಹೊರಟಿತು. ಕಂಡಕ್ಟರ್ ಆ ಕಾರ್ಡಿನ ಫೋಟೊ ತೆಗೆದುಕೊಂಡು ತಮ್ಮ ಮೊಬೈಲಿನಲ್ಲಿ ಇಟ್ಟುಕೊಳ್ಳುತ್ತೇನೆಂದರೆ ಬಸ್ಸಿಗೆ ಬಸ್ಸೇ ಎದ್ದು ನಿಲ್ಲುತ್ತಿತ್ತು. ಅದೇ ಹೆಂಗಸರು ಇಳಿದು ಲಾಡ್ಜಿಗೋ ಕೋಚಿಂಗ್ ಸೆಂಟರಿಗೋ ಹೋದರೆ ಎರಡು ಜೆರಾಕ್ಸ್ ಕೊಡುತ್ತಾರೆ. ಅಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ.

ತಂತ್ರಾಂಶದಲ್ಲೂ ಕಂಡಕ್ಟರ್ ಮಾಡಿದ್ದನ್ನೇ ಮಾಡಬಹುದು. ವಯಸ್ಸು 18 ದಾಟಿದೆಯೇ ಎಂದು ತಿಳಿಯಬೇಕಾದರೆ ಜನ್ಮದಿನಾಂಕವನ್ನು ಪರಿಶೀಲಿಸಿ, "ದಾಟಿದೆ" ಎಂಬ ಒಂದು ಗುರುತು ಉಳಿಸಿ, ದಿನಾಂಕವನ್ನು ಬಿಟ್ಟುಬಿಡಬಹುದು. ಗುರುತು ಖಚಿತಪಡಿಸಿಕೊಳ್ಳಬೇಕಾದರೆ ಆಧಾರ್ ಕಾರ್ಡಿನ ಕ್ಯೂಆರ್ ಕೋಡ್ ಇದೆ. ಅದರ ಮೇಲೆ ಆಧಾರ್ ಕೊಡುವ ಪ್ರಾಧಿಕಾರದ ಡಿಜಿಟಲ್ ಸಹಿ ಇರುತ್ತದೆ. ಕಾರ್ಡು ಅಸಲಿಯೋ ನಕಲಿಯೋ ಎಂಬುದು ಸ್ಕ್ಯಾನ್ ಮಾಡಿದರೆ ತಿಳಿಯುತ್ತದೆ. ಜೆರಾಕ್ಸ್ ಪ್ರತಿಯಿಂದ ಅದು ಎಂದೂ ತಿಳಿಯುವುದಿಲ್ಲ. ಹೀಗೆ ಆಫ್‌ಲೈನ್ ಪರಿಶೀಲನೆ, ಅಂದರೆ ಪ್ರಾಧಿಕಾರದ ಸರ್ವರನ್ನು ಕೇಳದೆ ಪರಿಶೀಲನೆ, ಮಾಡುವವರು ಆಧಾರ್ ಸಂಖ್ಯೆಯನ್ನು ಸಂಗ್ರಹಿಸಕೂಡದು, ಇಟ್ಟುಕೊಳ್ಳಕೂಡದು ಎಂದೇ ಆಧಾರ್ ಕಾಯ್ದೆಯ 8ಎ ಕಲಂ ಹೇಳುತ್ತದೆ. ಬ್ಯಾಂಕು, ಟೆಲಿಕಾಂ ಮುಂತಾದವರಿಗೆ ಬೇರೆ ನಿಯಮಗಳಿವೆ, ಅವರಿಗೆ ದಾಖಲೆ ಇಡುವ ಕರ್ತವ್ಯವೂ ಇದೆ. ನಿಮ್ಮದು ಯಾವ ಬಗೆ ಎಂದು ವಕೀಲರನ್ನು ಕೇಳಿ. ಟ್ಯೂಷನ್ ಕೇಂದ್ರವಂತೂ ಬ್ಯಾಂಕ್ ಅಲ್ಲ ಎಂದು ನಾನೇ ಹೇಳಬಲ್ಲೆ.

ಇಷ್ಟು ಹೇಳಿದ ಮೇಲೆ ಬರುವ ಮರುಮಾತೂ ನನಗೆ ಗೊತ್ತು: "ಎನ್‌ಕ್ರಿಪ್ಟ್ ಮಾಡಿಬಿಡಿ ಸಾರ್, ಯಾರಿಗೂ ಕಾಣುವುದಿಲ್ಲ." ಅಂದರೆ ಕೀಲಿ ಇಲ್ಲದವರಿಗೆ ಓದಲಾಗದಂತೆ ಗೂಢಲಿಪಿಗೆ ತಿರುಗಿಸುವುದು. ಆದರೆ ಅರ್ಜಿ ತೆರೆದು ಓದಬೇಕಾದ ತಂತ್ರಾಂಶದ ಬಳಿ ಆ ಕೀಲಿ ಇರಲೇಬೇಕಲ್ಲ? ಸಣ್ಣ ಸಂಸ್ಥೆಗಳಲ್ಲಿ ಅದು ಅದೇ ಸರ್ವರಿನಲ್ಲಿ ಇರುತ್ತದೆ. ಬಾಗಿಲಿಗೆ ಬೀಗ ಜಡಿದು, ಪಕ್ಕದ ಮೊಳೆಗೇ ಕೀಲಿ ನೇತುಹಾಕಿದ ಹಾಗೆ.

ಸ್ವಲ್ಪ ಓದಿಕೊಂಡವರು "ಹ್ಯಾಷ್ ಮಾಡೋಣ, ಅದನ್ನು ಹಿಂದಕ್ಕೆ ತಿರುಗಿಸಲು ಬರುವುದಿಲ್ಲ" ಎನ್ನುತ್ತಾರೆ. ಹ್ಯಾಷ್ ಎಂದರೆ ಸಂಖ್ಯೆಯನ್ನು ಒಂದು ಗಣಿತ ಸೂತ್ರಕ್ಕೆ ಹಾಕಿ ಅರ್ಥವಾಗದ ಅಕ್ಷರಗಳ ಸಾಲು ಮಾಡುವುದು; ಒಂದೇ ಸಂಖ್ಯೆಗೆ ಯಾವಾಗಲೂ ಅದೇ ಸಾಲು ಬರುತ್ತದೆ. ತಿರುಗಿಸಲು ಬರುವುದಿಲ್ಲ ಎಂಬ ಮಾತು ನಿಜ, ಆದರೆ ಇಲ್ಲಿ ತಿರುಗಿಸುವ ಅಗತ್ಯವೇ ಇಲ್ಲ. ಆಧಾರ್ ಸಂಖ್ಯೆಗೆ 12 ಅಂಕಿಗಳು. ಮೊದಲನೆಯದು ಸೊನ್ನೆಯಾಗಲಿ ಒಂದಾಗಲಿ ಆಗಿರುವುದಿಲ್ಲ. ಕೊನೆಯದು ಉಳಿದವುಗಳಿಂದ ಲೆಕ್ಕ ಹಾಕಿದ ತಾಳೆಯ ಅಂಕಿ. ಅಂದರೆ ಸಾಧ್ಯವಿರುವ ಸಂಖ್ಯೆಗಳು ಒಟ್ಟು 8,000 ಕೋಟಿ. ಕೇಳಲು ದೊಡ್ಡದು. ಆದರೆ ಹುಡುಗರು ಆಟವಾಡಲು ಕೊಳ್ಳುವ ಗ್ರಾಫಿಕ್ಸ್ ಕಾರ್ಡ್ ಸಾಮಾನ್ಯ ಹ್ಯಾಷ್‌ಗಳನ್ನು ಸೆಕೆಂಡಿಗೆ ನೂರಾರು ಕೋಟಿಯಂತೆ ಲೆಕ್ಕ ಹಾಕುತ್ತದೆ. ಎಲ್ಲ ಸಂಖ್ಯೆಗಳನ್ನೂ ಒಂದೊಂದಾಗಿ ಹ್ಯಾಷ್ ಮಾಡಿ ನಿಮ್ಮ ಪಟ್ಟಿಯೊಂದಿಗೆ ಹೋಲಿಸಿ ಮುಗಿಸುವಷ್ಟರಲ್ಲಿ ನಿಮ್ಮ ಕಾಫಿ ಆರಿರುವುದಿಲ್ಲ. ಮೊಬೈಲ್ ನಂಬರ್ ಆದರೆ ಇನ್ನೂ ಸಲೀಸು: 6ರಿಂದ 9ರ ಒಳಗೆ ಶುರುವಾಗುವ ಹತ್ತಂಕಿಗಳು, ಒಟ್ಟು 400 ಕೋಟಿ. ರಹಸ್ಯ ಕೀಲಿ ಬೆರೆಸಿ ಹ್ಯಾಷ್ ಮಾಡಬಹುದು ಎಂದು ನನ್ನ ವೃತ್ತಿಬಾಂಧವರು ತಿದ್ದುತ್ತಾರೆ. ಮಾಡಬಹುದು. ಆ ಕೀಲಿ ಎಲ್ಲಿರುತ್ತದೆ ಎಂದು ಅವರನ್ನೇ ಕೇಳಿ.

ಇನ್ನು ಅಳಿಸುವ ಮಾತು. ನೀವು "ಅಳಿಸು" ಗುಂಡಿ ಒತ್ತಿದರೆ ಬಹುಪಾಲು ತಂತ್ರಾಂಶಗಳು ಆ ಸಾಲಿನ ಪಕ್ಕ "ಅಳಿಸಲಾಗಿದೆ" ಎಂದು ಗುರುತು ಹಾಕಿ ಸುಮ್ಮನಾಗುತ್ತವೆ. ಸಾಲು ಅಲ್ಲೇ ಇರುತ್ತದೆ. ಪ್ರತಿ ರಾತ್ರಿ ತೆಗೆದ ಬ್ಯಾಕಪ್‌ಗಳಲ್ಲಿ ಇರುತ್ತದೆ, ದೋಷ ಹುಡುಕಲು ಬರೆದಿಟ್ಟ ಲಾಗ್‌ಗಳಲ್ಲಿ ಇರುತ್ತದೆ, ಹೊಸ ಹುಡುಗನೊಬ್ಬ ಪರೀಕ್ಷೆಗೆಂದು ಅಸಲಿ ಮಾಹಿತಿಯನ್ನೇ ನಕಲು ಮಾಡಿಕೊಂಡ ಸರ್ವರಿನಲ್ಲಿ ಇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಗುಮಾಸ್ತರು ಎಕ್ಸೆಲ್‌ಗೆ ಇಳಿಸಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಪಟ್ಟಿಯಲ್ಲಿ ಇರುತ್ತದೆ. ಅದನ್ನು ಹಿಂದಕ್ಕೆ ತರುವ ತಂತ್ರಾಂಶವನ್ನು ನಾನೂ ಬರೆಯಲಾರೆ, ಇನ್ನಾರೂ ಬರೆಯಲಾರರು.

ಕಾನೂನು ಈ ಕಡೆ ತಿರುಗಿದ್ದರಲ್ಲಿ ನಮ್ಮ ರಾಜ್ಯದವರೊಬ್ಬರ ಪಾತ್ರ ದೊಡ್ಡದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಅಲ್ಲಿಂದ ಆರು ವರ್ಷಕ್ಕೆ, 2023ರಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ನಿಯಮಗಳು ಪ್ರಕಟವಾಗಿದ್ದು 2025ರ ನವೆಂಬರಿನಲ್ಲಿ, ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಅವಕಾಶ ಇಟ್ಟು. ಸುರಕ್ಷತೆಯಲ್ಲಿ ಎಡವಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಗ್ರಾಹಕರಿಗೆ ನೆನಪಿರುವುದು ಈ ಅಂಕಿ ಒಂದೇ.

ನಾನು ತೋರಿಸಲು ಬಯಸುವುದು ಈ ಕಾಯ್ದೆಯ ಆರನೇ ಕಲಮಿನ ಒಂದು ಉದಾಹರಣೆಯನ್ನು. ವೈದ್ಯಕೀಯ ಸಲಹೆಯ ಆ್ಯಪ್ ಒಂದು ಫೋನಿನ ಸಂಪರ್ಕ ಪಟ್ಟಿಯನ್ನೂ ಕೇಳುತ್ತದೆ, ಬಳಕೆದಾರಳು ಎರಡಕ್ಕೂ ಒಪ್ಪುತ್ತಾಳೆ. ಸಲಹೆ ಕೊಡಲು ಸಂಪರ್ಕ ಪಟ್ಟಿ ಬೇಕಿಲ್ಲವಾದ್ದರಿಂದ ಆಕೆಯ ಒಪ್ಪಿಗೆ ಸಲಹೆಗೆ ಬೇಕಾದ ಮಾಹಿತಿಗಷ್ಟೇ ಸೀಮಿತ ಎನ್ನುತ್ತದೆ ಕಾಯ್ದೆ. "ಅವರೇ ಸಹಿ ಹಾಕಿದ್ದಾರಲ್ಲ" ಎಂಬ ನಿಮ್ಮ ವಾದ ಅಲ್ಲಿಗೆ ಮುಗಿಯಿತು. ಮಕ್ಕಳಾದರೆ, ಅಂದರೆ 18 ತುಂಬದವರಾದರೆ, ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಇನ್ನೊಂದು ಮಾತು: ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಆಯ್ಕೆ ಇರಬೇಕು. ಕನ್ನಡದಲ್ಲಿ ಬರೆದು ಕೊಡಿ ಎಂದು ಈವರೆಗೆ ನನ್ನನ್ನು ಯಾವ ಗ್ರಾಹಕರೂ ಕೇಳಿಲ್ಲ.

ಕಾಯ್ದೆಯನ್ನು ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ. ಟ್ಯೂಷನ್ ಮೇಡಂ ಮೇಲೆ ಗುಡುಗುವ ಇದೇ ಕಾಯ್ದೆ ತನ್ನ 17ನೇ ಕಲಮಿನಲ್ಲಿ, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣ ಕೊಟ್ಟು ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಲು ಕೇಂದ್ರ ಸರ್ಕಾರಕ್ಕೆ ಅಧಿಕಾರ ನೀಡಿದೆ. 44ನೇ ಕಲಮಿನ ಮೂಲಕ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ತಿದ್ದಿದ್ದಾರೆ. ವೈಯಕ್ತಿಕ ಮಾಹಿತಿಯಾದರೂ ಸಾರ್ವಜನಿಕ ಹಿತವಿದ್ದರೆ ಕೊಡಬೇಕು ಎಂದು ಅಲ್ಲೇ ಇದ್ದ ಷರತ್ತು ಹೋಯಿತು. ಸಾರ್ವಜನಿಕ ಹಿತವೇ ಹೆಚ್ಚಾದರೆ ಮಾಹಿತಿ ಕೊಡಬಹುದು ಎನ್ನುವ 8(2)ನೇ ಉಪಕಲಂ ಇನ್ನೂ ಇದೆ, ಅದನ್ನು ಹಿಡಿದು ವಾದಿಸಬಹುದು ಎಂದು ಬಲ್ಲವರು ಹೇಳುತ್ತಾರೆ. ನಾನು ಕಾನೂನು ಓದಿದವನಲ್ಲ. ಆದರೆ ಪಂಚಾಯಿತಿ ಕಾಮಗಾರಿಯ ಕೂಲಿ ಪಟ್ಟಿ ಕೇಳಿದವರಿಗೆ "ವೈಯಕ್ತಿಕ ಮಾಹಿತಿ" ಎಂದು ಹಿಂಬರಹ ಕೊಡುವುದು ಇನ್ನು ಸುಲಭವಾಯಿತು ಎಂಬುದಷ್ಟು ನನಗೂ ಅರ್ಥವಾಗುತ್ತದೆ. ಉಳಿದ ದಂಡ, ಕರ್ತವ್ಯಗಳಿಗೆಲ್ಲ 18 ತಿಂಗಳು ಕೊಟ್ಟವರು ಈ ತಿದ್ದುಪಡಿಯನ್ನು ಮಾತ್ರ ತಕ್ಷಣವೇ ಜಾರಿಗೆ ತಂದರು. ಆತುರ ಯಾರಿಗೆ ಯಾವುದಕ್ಕೆ ಎಂದು ನೀವೇ ನೋಡಿ.

ಈಗ ನನ್ನ ಮೇಜಿನ ಮೇಲೆ ಒಂದು ಅಪಾರ್ಟ್‌ಮೆಂಟ್ ಸಂಘದ ಕೋರಿಕೆ ಇದೆ. ಗೇಟಿನಲ್ಲಿ ಬಂದವರ ಮುಖ ಗುರುತಿಸುವ ಕ್ಯಾಮೆರಾ ಬೇಕಂತೆ, ಹಾಲಿನವರು, ಮನೆಗೆಲಸದವರು, ಡೆಲಿವರಿ ಹುಡುಗರು ಎಲ್ಲರದ್ದೂ. ಮನೆಯವರು ಫೋನಿನಲ್ಲಿ "ಬಿಡಿ" ಎಂದರೆ ಬಿಡುವ ವ್ಯವಸ್ಥೆ ಆಗಲೇ ಇದೆಯಲ್ಲ ಎಂದೆ. ಇದೆ, ಆದರೂ ಇರಲಿ ಎಂದರು. ಎರಡು ಅಂದಾಜುಪಟ್ಟಿ ಕಳಿಸಿದ್ದೇನೆ. ಮುಖ ಇಲ್ಲದ್ದು ಒಂದು, ಇರುವುದು ಇನ್ನೊಂದು. ಎರಡನೆಯದರಲ್ಲಿ ಒಬ್ಬೊಬ್ಬರ ಮುಖವನ್ನು ಎಷ್ಟು ದಿನ ಇಡುತ್ತೀರಿ, ಯಾರು ಅಳಿಸುತ್ತಾರೆ, ಸೋರಿದರೆ ಯಾರು ಹೊಣೆ ಎಂದು ಪದಾಧಿಕಾರಿಗಳು ಹೆಸರು ಬರೆದು ಸಹಿ ಹಾಕಬೇಕಾದ ಒಂದು ಪುಟವಿದೆ. ಮುಂದಿನ ಭಾನುವಾರದ ಸಭೆಯಲ್ಲಿ ತೀರ್ಮಾನವಂತೆ.