ಕಾಂತಕ್ಕೂ ಅತಿವಾಹಕಕ್ಕೂ ಆಗಿಬರಲ್ಲ, ಮತ್ತೆ ಕಬ್ಬಿಣದಲ್ಲಿ ಹೇಗೆ?

ಓದುಗರ ಪ್ರಶ್ನೆ: ಅತಿವಾಹಕದ ಹತ್ತಿರ ಕಾಂತ ಬಂದರೆ ಕೆಲಸ ಕೆಡುತ್ತದೆ ಎಂದು ಓದಿದ್ದೇನೆ. ಕಬ್ಬಿಣ ಅಂದರೇನೇ ಕಾಂತ. ಹಾಗಿದ್ದ ಮೇಲೆ ಕಬ್ಬಿಣದ ಸೂಪರ್‌ಕಂಡಕ್ಟರ್ ಹೇಗೆ ಸಾಧ್ಯ?

ನೀವು ಓದಿದ್ದು ಸರಿಯಾಗಿಯೇ ಇದೆ. ಅತಿವಾಹಕ, ಅಂದರೆ ಸೂಪರ್‌ಕಂಡಕ್ಟರ್, ತುಂಬಾ ತಣ್ಣಗಾದಾಗ ಯಾವ ತಡೆಯೂ ಇಲ್ಲದೆ ವಿದ್ಯುತ್ ಹರಿಸುವ ವಸ್ತು. ಅದರಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗಿ ಓಡಾಡುತ್ತವೆ. ಸಾಮಾನ್ಯವಾಗಿ ಜೋಡಿಯಲ್ಲಿ ಒಂದರ ಸ್ಪಿನ್ (ಎಲೆಕ್ಟ್ರಾನ್ ಒಳಗಿನ ಪುಟ್ಟ ಕಾಂತಸೂಜಿ ಅಂದುಕೊಳ್ಳಿ) ಮೇಲಕ್ಕೆ, ಇನ್ನೊಂದರದು ಕೆಳಕ್ಕೆ. ಕಾಂತವು ಎರಡನ್ನೂ ಒಂದೇ ಕಡೆ ತಿರುಗಿಸಲು ಎಳೆದಾಡುತ್ತದೆ, ಜೋಡಿ ಮುರಿಯುತ್ತದೆ. ಮಾಮೂಲಿ ಅತಿವಾಹಕಕ್ಕೆ ಕಾಂತಗುಣದ ಪರಮಾಣುಗಳನ್ನು ಚೂರೇ ಚೂರು ಬೆರೆಸಿದರೂ ಸಾಕು, ಅದು ಸೊರಗುತ್ತದೆ.

ಅದಕ್ಕೇ 2008ರಲ್ಲಿ ಟೋಕಿಯೋದ ಹಿದಿಯೋ ಹೊಸೊನೊ ತಂಡದ ಸುದ್ದಿ ಬಂದಾಗ ಎಲ್ಲರೂ ತಿರುಗಿ ನೋಡಿದರು. ಲ್ಯಾಂಥನಮ್, ಕಬ್ಬಿಣ, ಆರ್ಸೆನಿಕ್, ಆಕ್ಸಿಜನ್ ಸೇರಿದ ವಸ್ತುವಿಗೆ ಒಂದಿಷ್ಟು ಫ್ಲೋರಿನ್ ಬೆರೆಸಿದಾಗ 26 ಕೆಲ್ವಿನ್‌ನಲ್ಲಿ (ಸೊನ್ನೆಗಿಂತ ಸುಮಾರು 247 ಡಿಗ್ರಿ ಸೆಲ್ಸಿಯಸ್ ಕೆಳಗೆ) ಅದು ಅತಿವಾಹಕವಾಯಿತು. ಇದೇ ತಂಡ 2006ರಲ್ಲೇ ಕಬ್ಬಿಣ–ರಂಜಕದ ವಸ್ತುವೊಂದರಲ್ಲಿ ಇದನ್ನು ಕಂಡಿತ್ತು. ಆದರೆ ಅದು ಬರೀ 4 ಕೆಲ್ವಿನ್ ಸುತ್ತಮುತ್ತ. ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. 26 ಆದ ಮೇಲೆ ಕೆಲವೇ ತಿಂಗಳಲ್ಲಿ, ಲ್ಯಾಂಥನಮ್ ಜಾಗಕ್ಕೆ ಸಮೇರಿಯಂ ಹಾಕಿ ಚೀನಾದವರು 55ಕ್ಕೆ ಮುಟ್ಟಿಸಿದರು.

ಮೊದಲು ಒಂದು ಗೊಂದಲ ಬಿಡಿಸೋಣ. ಮೊಳೆಯ ಕಬ್ಬಿಣವೇ ಬೇರೆ, ಈ ಕಬ್ಬಿಣದ ಪಾಡೇ ಬೇರೆ. ಮೊಳೆಯನ್ನು ಕಾಂತ ಮಾಡಿದಾಗ ಸ್ಪಿನ್‌ಗಳೆಲ್ಲ ಒಂದೇ ಕಡೆ ಮುಖ ಮಾಡುತ್ತವೆ. ಇದೇ ಕುಟುಂಬದ ಬೇರಿಯಂ–ಕಬ್ಬಿಣ–ಆರ್ಸೆನಿಕ್‌ನಲ್ಲಿ ಹಾಗಲ್ಲ. ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಗೆರೆಗಳು ಕೂಡುವಲ್ಲೆಲ್ಲ ಒಂದೊಂದು ಕಬ್ಬಿಣದ ಪರಮಾಣು ಇದೆ ಅಂದುಕೊಳ್ಳಿ. ಮೇಲಿನಿಂದ ಕೆಳಕ್ಕೆ ಹೋಗುವ ಮೊದಲ ಸಾಲಿನ ಪರಮಾಣುಗಳಿಗೆಲ್ಲ ಎಡಕ್ಕೆ ಬಾಣ ಹಾಕಿ, ಎರಡನೇ ಸಾಲಿಗೆಲ್ಲ ಬಲಕ್ಕೆ, ಮೂರನೆಯದಕ್ಕೆ ಮತ್ತೆ ಎಡಕ್ಕೆ. ಪಟ್ಟೆ ಪಟ್ಟೆಯಾಗಿ ಕಾಣುತ್ತದೆ, ಅಲ್ವಾ? ಸುಮಾರು 140 ಕೆಲ್ವಿನ್‌ಗಿಂತ ಕೆಳಗೆ ಹೋದರೆ ಈ ವಸ್ತುವಿನ ಒಳಗೆ ಇರುವುದು ಇದೇ ಚಿತ್ರ. ಎಡ ಬಲ ಕಳೆದು ಮೊತ್ತ ಸೊನ್ನೆ, ಹಾಗಾಗಿ ಇದು ಗುಂಡುಸೂಜಿಯನ್ನು ಮೊಳೆಯ ಕಾಂತದ ಹಾಗೆ ಎಳೆಯುವುದಿಲ್ಲ. ಚೌಕಗಳು ಕೂಡ ಒಂದು ಚೂರು ಉದ್ದವಾಗುತ್ತವೆ, ಶೇಕಡಾ ಒಂದಕ್ಕಿಂತ ಕಡಿಮೆ. ಪಟ್ಟೆ ಕಂಡದ್ದು ನ್ಯೂಟ್ರಾನ್‌ಗಳಿಂದ. ನ್ಯೂಟ್ರಾನ್ ತಾನೇ ಒಂದು ಪುಟ್ಟ ಕಾಂತ, ಅದಕ್ಕೇ ಸ್ಪಿನ್‌ಗಳ ಸಾಲು ಅದಕ್ಕೆ ಗೊತ್ತಾಗುತ್ತದೆ.

ಪಟ್ಟೆ ಗಟ್ಟಿಯಾಗಿರುವ ತನಕ ಅತಿವಾಹಕತೆ ಇಲ್ಲ. ಬೇರಿಯಂ ಜಾಗದಲ್ಲಿ ಶೇ. 40ರಷ್ಟು ಪೊಟ್ಯಾಸಿಯಂ ಹಾಕಿ: ಪಟ್ಟೆ ಹೋಯಿತು, 38 ಕೆಲ್ವಿನ್‌ನಲ್ಲಿ ಅತಿವಾಹಕತೆ ಬಂತು. ಏನನ್ನೂ ಬೆರೆಸದೆ ಸುಮ್ನೆ ಜೋರಾಗಿ ಒತ್ತಿದರೂ ಅತಿವಾಹಕತೆ ಕಾಣಿಸಿಕೊಳ್ಳುತ್ತದೆ. ಅಂದರೆ ಏನು ಬೆರೆಸಿದಿರಿ ಅನ್ನುವುದಕ್ಕಿಂತ ಸಾಲು ಕೆಡಿಸಿದಿರಾ ಅನ್ನುವುದೇ ಮುಖ್ಯ.

ನನಗೆ ಇಷ್ಟವಾದ ಪ್ರಯೋಗ ಇನ್ನೊಂದಿದೆ. ಕಬ್ಬಿಣದ ಜಾಗದಲ್ಲಿ ಶೇ. 5ರಷ್ಟು ಕೋಬಾಲ್ಟ್ ಇರುವ ಹರಳನ್ನು ನ್ಯೂಟ್ರಾನ್ ಎದುರಿಟ್ಟು ತಣ್ಣಗೆ ಮಾಡುತ್ತಾ ಹೋದರು. 47 ಕೆಲ್ವಿನ್ ಹತ್ತಿರ ಪಟ್ಟೆಯ ಗುರುತು ಮೂಡಿತು. ತಣ್ಣಗಾದಷ್ಟೂ ಬಲವಾಯಿತು. ಸುಮಾರು 17ರಲ್ಲಿ ಅತಿವಾಹಕತೆ ಶುರುವಾದದ್ದೇ ತಡ, ಆ ಗುರುತು ಇಳಿಯಲು ತೊಡಗಿತು! ಎರಡೂ ಒಟ್ಟಿಗೆ ಇವೆ, ಆದರೆ ಒಂದೇ ಎಲೆಕ್ಟ್ರಾನ್‌ಗಳಿಗಾಗಿ ಕಿತ್ತಾಡುತ್ತಿವೆ.

ಹಾಗಾದರೆ ಕಾಂತ ಬರೀ ಅಡ್ಡಿಯೇ? ಅಲ್ಲ. ಪಟ್ಟೆ ಅಳಿಯುವ ಅಂಚಿನ ಆಸುಪಾಸಿನಲ್ಲೇ ಅತಿವಾಹಕತೆ ಚೆನ್ನಾಗಿ ಬೆಳೆಯುವುದನ್ನು ಈ ಕುಟುಂಬದಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಸಾಲು ಮುರಿದ ಮೇಲೂ ಸ್ಪಿನ್‌ಗಳು ಸುಮ್ಮನಾಗುವುದಿಲ್ಲ. ಚಿಕ್ಕ ಚಿಕ್ಕ ಪಟ್ಟೆಗಳು ಮೂಡಿ ಅಳಿಯುತ್ತಲೇ ಇರುತ್ತವೆ. ಒಂದು ಎಲೆಕ್ಟ್ರಾನ್ ಸುತ್ತಲಿನ ಸ್ಪಿನ್‌ಗಳನ್ನು ಕದಡುತ್ತದೆ, ಇನ್ನೊಂದಕ್ಕೆ ಆ ಕದಡು ತಟ್ಟುತ್ತದೆ, ಜೋಡಿ ಕೂಡುತ್ತದೆ. ಮಾಮೂಲಿ ಅತಿವಾಹಕಗಳಲ್ಲಿ ಈ ಅಂಟಿನ ಕೆಲಸ ಮಾಡುವುದು ಪರಮಾಣುಗಳ ನಡುಕ. ಇಲ್ಲಿ ಲೆಕ್ಕ ಹಾಕಿದರೆ ಆ ನಡುಕ ಸಾಲುವುದಿಲ್ಲ. ಪೊಟ್ಯಾಸಿಯಂ ಬೆರೆಸಿದ ವಸ್ತು ಅತಿವಾಹಕವಾದಾಗ ಈ ಸ್ಪಿನ್ ಕದಡು ಒಂದು ನಿಗದಿತ ಶಕ್ತಿಯಲ್ಲಿ ಗುಂಪುಗೂಡುವುದನ್ನು ನ್ಯೂಟ್ರಾನ್‌ಗಳು 2008ರಲ್ಲೇ ತೋರಿಸಿದವು. ನನ್ನ ಒಲವು ಈ ವಿವರಣೆಯ ಕಡೆಗೇ. ಆದರೆ ವಾದ ಇನ್ನೂ ಮುಗಿದಿಲ್ಲ.

ಮುಗಿಯದಿರಲು ಒಂದು ಕಾರಣ ಕಬ್ಬಿಣ–ಸೆಲೆನಿಯಂ. ಇದರಲ್ಲಿ 90 ಕೆಲ್ವಿನ್‌ನಲ್ಲಿ ಚೌಕವೇನೋ ಸೊಟ್ಟಗಾಗುತ್ತದೆ, ಪಟ್ಟೆ ಮಾತ್ರ ಬರುವುದಿಲ್ಲ. ಆದರೂ 8ರಲ್ಲಿ ಅತಿವಾಹಕ. ಒತ್ತಿದರೆ ಆಗ ಕಾಂತದ ಸಾಲು ಹುಟ್ಟುತ್ತದೆ, ಜೊತೆಗೇ ಅತಿವಾಹಕತೆ ಶುರುವಾಗುವ ತಾಪವೂ ಏರುತ್ತದೆ! ಇನ್ನೂ ಒತ್ತಿ, ಆ ಸಾಲು ಮಾಯವಾಗುವ ಹೊತ್ತಿಗೆ ಅದು 37ರ ಆಸುಪಾಸಿನಲ್ಲಿ ಇರುತ್ತದೆ.